ಕಿಕ್ಕರೂ ಅದೇ, ಗೇರೂ ಅದೇ

ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಬೈಕಿನಲ್ಲಿ ಕಿಕ್ಕರ್ ಬೇರೆ, ಗೇರ್ ಬೇರೆ ಇರಲಿಲ್ಲ. ಎಂಜಿನ್ನಿನ ಎಡಗಡೆ ಇದ್ದದ್ದು ಒಂದೇ ಕಡ್ಡಿ. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿ ತುಳಿದರೆ ಬೈಕು ಶುರುವಾಗುತ್ತಿತ್ತು. ಶುರುವಾದ ಮೇಲೆ ಅದೇ ಕಡ್ಡಿಯನ್ನು ಮುಂದಕ್ಕೆ ಮಡಚಿ ಕೂರಿಸಿದರೆ ಗೇರ್ ಹಾಕಬಹುದಿತ್ತು. ಬೇರೆ ಬೈಕು ಓಡಿಸಿ ಅಭ್ಯಾಸವಾದವರು ಮೊದಲ ಸಲ ಜಾವಾ ಹತ್ತಿದಾಗ ಬಲಗಾಲಿನಿಂದ ಗಾಳಿಯನ್ನು ತುಳಿದು, ಸುತ್ತ ನಿಂತವರು ನಕ್ಕ ಮೇಲೆ ಕೆಳಗಿಳಿದು ಹುಡುಕುವುದು ಮಾಮೂಲು. ಕ್ಲಚ್ಚಿನದ್ದೂ ಬೇರೆಯೇ ಸಂಗತಿ. ಗೇರ್ ಕಡ್ಡಿಯನ್ನು ಕಾಲಿನಿಂದ ಒತ್ತುತ್ತಿದ್ದಂತೆ ಕ್ಲಚ್ಚು ತಾನಾಗಿ ಬಿಡುತ್ತಿತ್ತು, ಕೈ ಹಾಕಲೇಬೇಕೆಂದಿರಲಿಲ್ಲ. ಹಳೆಯ ಮಾದರಿಗಳ ಕೀ ಅಂತೂ ಹೆಡ್‌ಲೈಟಿನ ಮೇಲಿನ ತೂತಿಗೆ ಇಳಿಸುವ ಒಂದು ಮೊಳೆಯಂಥ ವಸ್ತು. ಒಬ್ಬರ ಕೀ ಇನ್ನೊಬ್ಬರ ಬೈಕಿಗೆ ಹೊಂದುತ್ತಿತ್ತು.

ಹೀಗಿದ್ದ ಯಂತ್ರವನ್ನು ಯಾರಾದರೂ ಪಕ್ಕದಲ್ಲಿ ನಿಂತು ಹೇಳಿಕೊಡದೆ ಓಡಿಸಲು ಬರುತ್ತಿರಲಿಲ್ಲ. ಅಪ್ಪ ಮಗನಿಗೆ, ಬೈಕು ಮಾರಿದವನು ಕೊಂಡವನಿಗೆ, ಮೆಕಾನಿಕ್ ಗಿರಾಕಿಗೆ ಹೇಳಿಕೊಡಬೇಕಿತ್ತು. ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಆ ಬೈಕುಗಳು ರಸ್ತೆಯ ಮೇಲೆ ಉಳಿದದ್ದಕ್ಕೆ ಅವುಗಳ ಗಟ್ಟಿತನವನ್ನು ಹೊಗಳುವುದು ರೂಢಿ. ಗಟ್ಟಿತನ ನಿಜ. ಆದರೆ ಅವು ಉಳಿದದ್ದು ಮುಖ್ಯವಾಗಿ ಈ ಹೇಳಿಕೊಡುವ ಅಭ್ಯಾಸದಿಂದ.

ಕಥೆಯ ಬೇರು ಚೆಕ್ ನೆಲದಲ್ಲಿದೆ. ಶಸ್ತ್ರಾಸ್ತ್ರ ತಯಾರಿಸುತ್ತಿದ್ದ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿನ್ಯಾಸವನ್ನು ಕೊಂಡುಕೊಂಡ. ಇಬ್ಬರ ಹೆಸರಿನ ಮೊದಲಕ್ಷರಗಳು ಸೇರಿ ಹೊಸ ಹೆಸರಾಯಿತು. ಚೆಕ್ ಭಾಷೆಯಲ್ಲಿ 'ಜೆ' ಅಕ್ಷರದ ಉಚ್ಚಾರ 'ಯ'. ಆದ್ದರಿಂದ ಅಲ್ಲಿಯವರ ಬಾಯಲ್ಲಿ ಅದು 'ಯಾವಾ'. ಇಂಗ್ಲಿಷ್ ಅಕ್ಷರ ನೋಡಿ ಓದಿದ ನಮ್ಮವರ ಬಾಯಲ್ಲಿ ಜಾವಾ. ಮೂಲದ ಉಚ್ಚಾರವೇ ಮೈಸೂರಿಗೂ ಬಂದಿದ್ದರೆ 'ಯಾವ ಬೈಕು?' ಎಂಬ ಪ್ರಶ್ನೆಗೂ ಅದರ ಉತ್ತರಕ್ಕೂ ವ್ಯತ್ಯಾಸವೇ ಇರುತ್ತಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಆಕ್ರಮಣದ ನಡುವೆಯೇ ಅಲ್ಲಿನ ಎಂಜಿನಿಯರುಗಳು ಗುಟ್ಟಾಗಿ ಒಂದು 250 ಸಿಸಿ ಬೈಕನ್ನು ರೂಪಿಸಿದರು. 1946ರಲ್ಲಿ ಹೊರಬಂದ ಆ ಬೈಕಿನ ಹೆಸರು 'ಪೆರಾಕ್'. ತಾನಾಗಿ ಬಿಡುವ ಕ್ಲಚ್ಚು ಆ ಸಂತತಿಯಿಂದ ಬಂದದ್ದು.

ಬಾಂಬೆಯ ಇರಾನಿ ಕುಟುಂಬ 1950ರ ದಶಕದಲ್ಲಿ ಜಾವಾಗಳನ್ನು ಆಮದು ಮಾಡಿ ಮಾರುತ್ತಿತ್ತು. ಆಮದಿನ ಮೇಲೆ ಸರ್ಕಾರದ ಬಿಗಿ ಹೆಚ್ಚಾದಾಗ ಇದ್ದದ್ದು ಎರಡೇ ದಾರಿ: ವ್ಯಾಪಾರ ಬಿಡುವುದು, ಇಲ್ಲವೇ ಇಲ್ಲಿಯೇ ತಯಾರಿಸುವುದು. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಎರಡನೆಯದನ್ನು ಆರಿಸಿದರು. ಕಾರ್ಖಾನೆಗೆ ಜಾಗ ಸಿಕ್ಕಿದ್ದು ಮೈಸೂರಿನ ಯಾದವಗಿರಿಯಲ್ಲಿ. ರೈಲು ಹತ್ತಿರ, ಹವೆ ತಂಪು. ಕೈಗಾರಿಕೆಗೆ ಕೈಚಾಚುವ ಅಭ್ಯಾಸ ದಿವಾನರ ಕಾಲದಿಂದಲೂ ಆ ಸಂಸ್ಥಾನಕ್ಕಿತ್ತು. 1961ರಲ್ಲಿ ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ಮೊದಲು ಬಿಡಿಭಾಗಗಳನ್ನು ತರಿಸಿ ಜೋಡಿಸುತ್ತಿದ್ದ ಐಡಿಯಲ್ ಜಾವಾ ಕಂಪನಿ ಬರಬರುತ್ತಾ ಹೆಚ್ಚಿನವನ್ನು ಇಲ್ಲಿಯೇ ತಯಾರಿಸತೊಡಗಿತು. ರೈಲ್ವೆ ವರ್ಕ್‌ಶಾಪು, ಕೃಷ್ಣರಾಜೇಂದ್ರ ಮಿಲ್ಲಿನ ಜೊತೆಗೆ ಮೈಸೂರಿನ ಮನೆಗಳಲ್ಲಿ ಹೇಳಿಕೊಳ್ಳಲು ಇನ್ನೊಂದು ಕೆಲಸ ಬಂತು: 'ನಮ್ಮವರು ಜಾವಾದಲ್ಲಿದ್ದಾರೆ.'

1970ರ ದಶಕದ ಮೊದಲ ವರ್ಷಗಳಲ್ಲಿ ಪರವಾನಗಿಯ ಅವಧಿ ಮುಗಿದು ಟ್ಯಾಂಕಿನ ಮೇಲಿನ ಹೆಸರು ಬದಲಾಯಿತು. ಜಾವಾ ಹೋಗಿ ಯೆಜ್ಡಿ ಬಂತು. ಇದರ ಮೂಲದ ಬಗ್ಗೆ ಎರಡು ಕಥೆಗಳಿವೆ. ಇರಾನಿನ ಯಜ್ದ್ ಊರಿನ ಹೆಸರು ಎಂಬುದು ಒಂದು. ಚೆಕ್ ಭಾಷೆಯಲ್ಲಿ 'ಯೆಜ್ದೀ' ಎಂದರೆ 'ಸವಾರಿ ಮಾಡುತ್ತಾನೆ', ಅದರಿಂದ ಬಂತು ಎಂಬುದು ಇನ್ನೊಂದು. ಎರಡನೆಯದು ಕೇಳಲು ಎಷ್ಟು ಸೊಗಸೋ ಅಷ್ಟೇ ಅನುಮಾನಕ್ಕೂ ಎಡೆ ಕೊಡುತ್ತದೆ. ಯೆಜ್ಡಿ ಎಂಬುದು ಪಾರ್ಸಿಗಳಲ್ಲಿ ಗಂಡಸರ ಹೆಸರೂ ಹೌದು. ಕುಟುಂಬದ ಹೆಸರೇ ಇರಾನಿ ಎಂದಿರುವಾಗ ಹುಡುಕಿಕೊಂಡು ಪ್ರಾಗ್‌ವರೆಗೆ ಹೋಗಬೇಕಿಲ್ಲ. ಆದರೂ ಎರಡು ದೂರದ ಭಾಷೆಗಳು ಒಂದೇ ಪೆಟ್ರೋಲ್ ಟ್ಯಾಂಕಿನ ಮೇಲೆ ಹೀಗೆ ಎದುರಾದದ್ದು ಅಪರೂಪ. ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ, ಯಜ್ದ್ ಎಂಬುದರ ಹಿಂದಿರುವ ಪ್ರಾಚೀನ ಇರಾನಿ ಧಾತುವಿಗೆ ಪೂಜಿಸು ಎಂಬ ಅರ್ಥ. ಸಂಸ್ಕೃತದ 'ಯಜ್' ಅದರ ಒಡಹುಟ್ಟು. ಯಜ್ಞ ಅಲ್ಲಿಂದಲೇ ಬಂದದ್ದು, ಕನ್ನಡದವರು ದಿನಾ ಬಳಸುವ ಯಜಮಾನವೂ ಅಲ್ಲಿಂದಲೇ. ಯೆಜ್ಡಿಯ ಯಜಮಾನ ಎಂದರೆ ಒಂದೇ ಧಾತುವನ್ನು ಎರಡು ಸಲ ಹೇಳಿದಂತೆ.

ಇರಾನಿಗಳನ್ನೂ ಪಾರ್ಸಿಗಳನ್ನೂ ಒಂದೇ ಎಂದುಕೊಳ್ಳುವುದುಂಟು. ಧರ್ಮ ಒಂದೇ, ಬಂದ ಕಾಲ ಬೇರೆ. ಪಾರ್ಸಿಗಳು ಶತಮಾನಗಳ ಹಿಂದೆ ಗುಜರಾತಿನ ಸಂಜಾಣದಲ್ಲಿ ಇಳಿದು, ನವಸಾರಿ, ಸೂರತ್, ಭರೂಚ್‌ಗಳಲ್ಲಿ ನೆಲೆನಿಂತು, ಗುಜರಾತಿಯನ್ನೇ ಮನೆಮಾತು ಮಾಡಿಕೊಂಡವರು. ಸೂರತ್ ಬಂದರಿನ ಭಾಗ್ಯ ಇಳಿದು ಬಾಂಬೆಯದು ಏರಿದಾಗ ಅವರಲ್ಲಿ ಅನೇಕರು ದಕ್ಷಿಣಕ್ಕೆ ಸರಿದರು. ಇರಾನಿಗಳು ಯಜ್ದ್, ಕೆರ್ಮಾನ್ ಕಡೆಗಳಿಂದ ಮುಖ್ಯವಾಗಿ 19ನೇ ಶತಮಾನದಲ್ಲಿ ಮತ್ತು ಆಮೇಲೆ ಬಂದವರು. ಬಾಂಬೆಯ ಮೂಲೆ ಮೂಲೆಯ ಚಹಾದಂಗಡಿಗಳು ಅವರವು. ಈ ವಿವರ ಬೈಕಿನ ಕಥೆಗೆ ಬೇಡವಾದದ್ದಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿ, ಬೆಳಗಾವಿ, ಪುಣೆ, ಮುಂಬೈ ದಾಟಿ ಸೂರತ್, ವಡೋದರಾ, ಅಹಮದಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಸಂಜಾಣದ, ಪವಿತ್ರ ಅಗ್ನಿ ಇರುವ ಉದ್ವಾಡಾದ ಸೀಮೆಯನ್ನು ಹಾದೇ ಹೋಗುತ್ತದೆ. ಹಳೆಯ ಬೈಕಿನಲ್ಲಿ ಉತ್ತರಕ್ಕೆ ಹೊರಟವರು ಹೇಗೂ ಈ ದಾರಿ ಹಿಡಿಯಲೇಬೇಕು. ಆ ದಾರಿಗೆ ಆಮೇಲೆ ಬರೋಣ.

ಯೆಜ್ಡಿಯ ಹೆಸರಾಂತ ಮಾದರಿ ರೋಡ್‌ಕಿಂಗ್ 1978ರಲ್ಲಿ ಬಂತು. 250 ಸಿಸಿ, ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಚೈನು ಪೂರ್ತಿ ಮುಚ್ಚಿದ ಡಬ್ಬಿಯೊಳಗೆ ಓಡುತ್ತಿದ್ದರಿಂದ ಧೂಳು, ಕೆಸರು ತಾಗುತ್ತಿರಲಿಲ್ಲ. ಮಲೆನಾಡಿನ ಮಣ್ಣು ರಸ್ತೆಗೂ ಬಯಲುಸೀಮೆಯ ಧೂಳಿಗೂ ಇದು ವರವಾಯಿತು. ಪಶುವೈದ್ಯರು, ತೋಟದ ರೈಟರುಗಳು, ಊರೂರು ಸುತ್ತುವ ಏಜೆಂಟರು, ಹೊಸದಾಗಿ ಸಂಬಳ ಕಂಡ ಮೇಷ್ಟ್ರುಗಳು ಸಾಲ ಮಾಡಿಯಾದರೂ ಕೊಂಡರು. ಕಂಪನಿ ತನ್ನ ಜಾಹೀರಾತಿನಲ್ಲಿ ಇದನ್ನು 'ಎಂದೆಂದಿಗೂ ಇರುವ ಬೈಕು' ಎಂದು ಕರೆದುಕೊಂಡಿತು.

ಅದಕ್ಕೆ ಎದುರಾಗಿ ಬಂದದ್ದು ಇನ್ನೊಂದು ಜಾಹೀರಾತು. 1984ರಿಂದ ಎರಡು ಮೂರು ವರ್ಷಗಳೊಳಗೆ ಜಪಾನಿನ ಜೊತೆ ಕೈಜೋಡಿಸಿದ ಕಂಪನಿಗಳ 100 ಸಿಸಿ ಬೈಕುಗಳು ಸಾಲಾಗಿ ಬಂದವು. ಇಂಡ್-ಸುಜುಕಿ, ಹೀರೋ ಹೋಂಡಾ ಸಿಡಿ 100, ಯಮಾಹಾ ಆರ್‌ಎಕ್ಸ್ 100, ಕವಾಸಾಕಿ ಬಜಾಜ್. ಹೀರೋ ಹೋಂಡಾದ ಘೋಷಣೆ ದೇಶಕ್ಕೆಲ್ಲ ಬಾಯಿಪಾಠವಾಯಿತು: ಪೆಟ್ರೋಲ್ ತುಂಬಿ, ಮುಚ್ಚಳ ಹಾಕಿ, ಮರೆತುಬಿಡಿ. ಯೆಜ್ಡಿಯನ್ನು ಮರೆಯಲು ಸಾಧ್ಯವೇ ಇರಲಿಲ್ಲ. ಪ್ರತಿ ಲೀಟರು ಪೆಟ್ರೋಲಿಗೂ ಸುಮಾರು 40 ಮಿ.ಲೀ. ಎಣ್ಣೆ ಅಳೆದು ಹಾಕಬೇಕು. ಲೀಟರಿಗೆ ಮೂವತ್ತು ಕಿಲೋಮೀಟರಿನ ಆಸುಪಾಸು ಓಡುವ ಬೈಕನ್ನು, ಅದರ ದುಪ್ಪಟ್ಟಿಗಿಂತ ಹೆಚ್ಚು ಓಡುತ್ತೇನೆ ಎನ್ನುವ ಬೈಕಿನ ಪಕ್ಕ ನಿಲ್ಲಿಸಿ ತೂಗಿದ ಸಂಸಾರಸ್ಥರನ್ನು ಬೈಯುವಂತಿಲ್ಲ. ಹೊಗೆಯ ಮೇಲಿನ ನಿಯಮಗಳೂ ಬಿಗಿಯಾದವು. ಕಾರ್ಮಿಕರ ಜೊತೆಗಿನ ತಕರಾರು, ಸಾಲ ಎಲ್ಲ ಸೇರಿ 1996ರಲ್ಲಿ ಯಾದವಗಿರಿಯ ಗೇಟು ಮುಚ್ಚಿತು. 2001ರಲ್ಲಿ ಕಂಪನಿಯನ್ನು ಸಮಾಪನಗೊಳಿಸಲು ಹೈಕೋರ್ಟು ಆದೇಶಿಸಿತು. ಅಲ್ಲಿ ದುಡಿದವರು ಬಾಕಿ ಹಣಕ್ಕಾಗಿ ವರ್ಷಗಟ್ಟಲೆ ಅಲೆದರು. ಅಭಿಮಾನಿಗಳ ನೆನಪಿನ ಬರಹಗಳಲ್ಲಿ ಎಂಜಿನ್ನಿನ ಸದ್ದಿಗೆ ನಾಲ್ಕು ಪುಟ ಸಿಗುತ್ತದೆ, ಈ ಅಲೆದಾಟಕ್ಕೆ ಒಂದು ಸಾಲು. ಆ ಲೆಕ್ಕ ಸರಿಯಿಲ್ಲ.

ಕಂಪನಿ ಹೋದರೆ ಬೈಕಿಗೆ ಏನಾಗುತ್ತದೆ? ಮೊದಲು ಶೋರೂಮು ಹೋಗುತ್ತದೆ, ಆಮೇಲೆ ಬಿಡಿಭಾಗ, ಕೊನೆಗೆ ಗೊತ್ತಿದ್ದವರು. ಮೂರನೆಯದು ಮೈಸೂರಿನಲ್ಲಿ ತಕ್ಷಣ ಹೋಗಲಿಲ್ಲ. ಕಾರ್ಖಾನೆಯಲ್ಲಿ ದುಡಿದ ಕೈಗಳು ನಗರದ ಗ್ಯಾರೇಜುಗಳಲ್ಲಿ, ಲೇತ್ ಅಂಗಡಿಗಳಲ್ಲಿ ಕೆಲಸ ಕಂಡುಕೊಂಡವು. ಎರಡು ಸ್ಟ್ರೋಕಿನ ಎಂಜಿನ್ನು ತೀರ ಸರಳ. ಕವಾಟಗಳಿಲ್ಲ, ಓಡಾಡುವ ಭಾಗಗಳು ಕಡಿಮೆ. ಆದ್ದರಿಂದಲೇ ಅದು ಕಿವಿಗೂ ಮೂಗಿಗೂ ಕೆಲಸ ಕೊಡುತ್ತದೆ. ಪ್ಲಗ್ಗು ಬಿಚ್ಚಿ ಬಣ್ಣ ನೋಡಬೇಕು. ಕಾಫಿಪುಡಿಯ ಕಂದು ಇದ್ದರೆ ಸರಿ. ಕರಿ ಹಿಡಿದು ಒದ್ದೆಯಾಗಿದ್ದರೆ ಎಣ್ಣೆಯೋ ಪೆಟ್ರೋಲೋ ಹೆಚ್ಚು, ಬೆಳ್ಳಗಾಗಿದ್ದರೆ ಎಂಜಿನ್ನು ಸುಡುತ್ತಿದೆ ಎಂದೇ ಅರ್ಥ. ಕಾಂಟ್ಯಾಕ್ಟ್ ಪಾಯಿಂಟಿನ ಸಂದು ತೆಳು ಪಟ್ಟಿಯಿಂದ ಅಳೆಯುವುದು, ಟೈಮಿಂಗ್ ಕೂರಿಸುವುದು, ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲು ಬದಲಿಸುವುದು, ಎಲ್ಲವೂ ಕಲಿತರೆ ಬರುವ ಕೆಲಸಗಳೇ. ಸೀಲು ಹಳತಾದರೆ ಗೇರ್‌ಬಾಕ್ಸಿನ ಎಣ್ಣೆಯನ್ನೇ ಎಂಜಿನ್ನು ಕುಡಿಯತೊಡಗಿ ಹಿಂದೆ ಬಿಳಿ ಹೊಗೆಯ ಮೋಡ ಕಟ್ಟುತ್ತದೆ. ಹೊಸಬರು ಇದನ್ನು ಪಿಸ್ಟನ್ನಿನ ತಪ್ಪು ಎಂದುಕೊಂಡು ಸುಮ್ಮನೆ ಬೋರ್ ಮಾಡಿಸಿ ದುಡ್ಡು ಕಳೆದುಕೊಳ್ಳುವುದುಂಟು.

ಸೈಲೆನ್ಸರಿನ ಕೆಲಸ ಇನ್ನೂ ಗಲೀಜು. ಸುಟ್ಟ ಎಣ್ಣೆಯ ಇದ್ದಿಲು ಒಳಗೆ ಪದರ ಪದರವಾಗಿ ಕೂತು ಉಸಿರು ಕಟ್ಟಿದಾಗ ಬೈಕು ಏರು ಹತ್ತಲು ಮುನಿಯುತ್ತದೆ. ಒಳಗಿನ ಜಾಲರಿ ಕೊಳವೆಯನ್ನು ಎಳೆದು ಬೆಂಕಿಗೆ ಹಿಡಿದು ಸುಟ್ಟು ಉಜ್ಜುತ್ತಾರೆ, ಕಾಸ್ಟಿಕ್ ಸೋಡಾ ನೀರು ತುಂಬಿ ರಾತ್ರಿಯಿಡೀ ನೆನೆಸುವವರೂ ಇದ್ದಾರೆ. ಬೀಡು ಕಬ್ಬಿಣದ ಸಿಲಿಂಡರನ್ನು ಸವೆದಂತೆಲ್ಲ ಲೇತಿನಲ್ಲಿ ಕೊರೆಸಿ ಒಂದು ಅಳತೆ ದೊಡ್ಡ ಪಿಸ್ಟನ್ ಹಾಕಬಹುದು. ಹೀಗೆ ಕೆಲವು ಸಲ ಮಾತ್ರ. ಆಮೇಲೆ ಹೊಸ ಗೋಡೆ ಹಾಕಿಸಬೇಕು. ಎಂದೆಂದಿಗೂ ಎಂಬುದಕ್ಕೆ ಇದು ಮಿಲಿಮೀಟರಿನ ಲೆಕ್ಕ.

ಬಿಡಿಭಾಗಕ್ಕೆ ಹೋಗುವ ಜಾಗ ಗುಜರಿ. ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳ ಮುಂದೆ ಭಾನುವಾರ ಕೂತು, ಎಣ್ಣೆ ಮೆತ್ತಿದ ರಾಶಿಯಲ್ಲಿ ಮೈಸೂರಿನ ಗೇರನ್ನು ಕೈಯಿಂದಲೇ ಗುರುತಿಸುವವರಿದ್ದಾರೆ. ಕನ್ನಡದಲ್ಲಿ ಈ ಪದಕ್ಕೆ ಈಗ ಹಳೆ ಸಾಮಾನು ಎಂಬ ಒಂದೇ ಅರ್ಥ ಉಳಿದಿದೆ. ಆದರೆ ಹಿಂದೂಸ್ತಾನಿಯ 'ಗುಜರೀ' ಎಂದರೆ ದಾರಿ ಬದಿಯಲ್ಲಿ ಸೇರುವ ಸಂತೆ. ಆ ಹಳೆಯ ಅರ್ಥ ಅಹಮದಾಬಾದಿನಲ್ಲಿ ಇನ್ನೂ ಜೀವಂತ. ಸಾಬರಮತಿಯ ದಡದಲ್ಲಿ ಎಲ್ಲಿಸ್ ಸೇತುವೆಯ ಹತ್ತಿರ ಭಾನುವಾರ ನಡೆಯುವ ಗುಜರಿ ಬಜಾರನ್ನು, ಊರನ್ನು ಕಟ್ಟಿದ ಅಹಮದ್ ಷಾನ ಕಾಲದ್ದು ಎಂದು ಅಲ್ಲಿಯವರು ಹೇಳುತ್ತಾರೆ. ನದಿ ದಂಡೆಯನ್ನು ಕಾಂಕ್ರೀಟು ಮಾಡಿದಾಗ ಸಂತೆಯನ್ನು 2014ರಲ್ಲಿ ಹೊಸ ಕಟ್ಟೆಗಳಿಗೆ ಸರಿಸಲಾಯಿತು. ಸ್ಪ್ಯಾನರ್, ಹಳೆ ಪುಸ್ತಕ, ಮಂಚ, ಆಡು, ಕೋಳಿ ಎಲ್ಲ ಸಿಗುವ ಅಲ್ಲಿ ಗುಜರಿ ಎಂದರೆ ಕಸವಲ್ಲ, ಮತ್ತೆ ಬಳಕೆಗೆ ಬರುವ ಸಾಮಾನು. ಹಳೆ ಬೈಕಿನವರು ಕನ್ನಡದಲ್ಲೂ ಆ ಪದವನ್ನು ಅದೇ ಅರ್ಥದಲ್ಲಿ ಬಳಸುತ್ತಾರೆ.

ಜಾವಾ-ಯೆಜ್ಡಿ ಇಟ್ಟುಕೊಂಡವರು ಒಬ್ಬರನ್ನೊಬ್ಬರು ಹುಡುಕಿಕೊಂಡದ್ದು ಹೀಗೆಯೇ, ಸಾಮಾನಿಗಾಗಿ. ಒಬ್ಬನ ಬಳಿ ಎರಡು ಕಾರ್ಬ್ಯುರೇಟರ್, ಇನ್ನೊಬ್ಬನ ಬಳಿ ಒಂದೂ ಇಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಕೂಟಗಳು ಮೈಸೂರು, ಪುಣೆ, ಕೇರಳದ ಊರುಗಳಿಗೆ ಹಬ್ಬಿದವು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನವಾಯಿತು. ಬೆಳಿಗ್ಗೆ ನೂರಾರು ಬೈಕುಗಳು ಒಂದು ಮೈದಾನದಲ್ಲಿ ಸೇರಿದಾಗ ಮೊದಲು ಮೂಗಿಗೆ ಬಡಿಯುವುದು ಎಣ್ಣೆ ಸುಟ್ಟ ಸಿಹಿ ವಾಸನೆ. ಕ್ರೋಮಿನ ಹೊಳಪು ನೋಡಲು ಬಂದವರು ಒಂದು ಗಂಟೆಯಲ್ಲಿ ಹೋಗುತ್ತಾರೆ. ಉಳಿದವರು ಮಂಡಿಯೂರಿ ಯಾರದ್ದೋ ಎಂಜಿನ್ನಿನ ಪಕ್ಕ ಕೂತಿರುತ್ತಾರೆ. ಸಾಫ್ಟ್‌ವೇರಿನವನಿಗೆ ವರ್ಕ್‌ಶಾಪಿನ ಹುಡುಗ 'ಥ್ರಾಟಲ್ ಜಾಸ್ತಿ ಕೊಡ್ಬೇಡಿ ಸಾರ್, ಕುಡ್ಕೊಂಬಿಡತ್ತೆ' ಎಂದು ಗದರುವುದು, ಅವನು ತಲೆತಗ್ಗಿಸಿ ಕೇಳುವುದು ಬೇರೆ ಕಡೆ ಸುಲಭವಾಗಿ ಕಾಣುವ ದೃಶ್ಯವಲ್ಲ. ಹಾಗೆಂದು ಅಲ್ಲಿ ಜಗಳವಿಲ್ಲ ಎಂದಲ್ಲ. 6 ವೋಲ್ಟಿನ ಮಂಕು ದೀಪವನ್ನು 12 ವೋಲ್ಟಿಗೆ ಏರಿಸುವುದು ಸರಿಯೇ, ಪಾಯಿಂಟು ಕಿತ್ತು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದರೆ ಅದು ಇನ್ನೂ ಜಾವಾನೇ ಎಂಬ ವಾದ ಪ್ರತಿ ವರ್ಷವೂ ಮೊದಲಿನಿಂದ ಶುರುವಾಗುತ್ತದೆ. ಊರಾಚೆಗೆ ಓಡಿಸುವವರು ಹಾಕಿ ಎನ್ನುತ್ತಾರೆ, ಶೆಡ್ಡಿನಲ್ಲಿ ಇಡುವವರು ಬೇಡ ಎನ್ನುತ್ತಾರೆ. ರಾತ್ರಿ ಘಟ್ಟ ಇಳಿದು ಬಂದವರ ಮಾತಿಗೆ ಹೆಚ್ಚು ತೂಕ ಕೊಡಬೇಕಾಗುತ್ತದೆ.

ಏಕೆಂದರೆ ಯಂತ್ರದ ನಿಜವಾದ ಪರೀಕ್ಷೆ ದೂರದ ದಾರಿಯಲ್ಲಿ. ಬೆಂಗಳೂರಿನಿಂದ ಅಹಮದಾಬಾದಿಗೆ ಸುಮಾರು 1,500 ಕಿಲೋಮೀಟರು. ಯೆಜ್ಡಿಗೆ ಹೋಗುತ್ತಾ 50 ಲೀಟರು ಪೆಟ್ರೋಲು, 2 ಲೀಟರು ಎಣ್ಣೆ ಬೇಕು. ಒಂದು ಕಾಲದಲ್ಲಿ ಎರಡು ಸ್ಟ್ರೋಕಿನ ಎಣ್ಣೆ ಎಲ್ಲ ಬಂಕಿನಲ್ಲೂ ಕಣ್ಣಿಗೆ ಬೀಳುತ್ತಿತ್ತು, ಈಗ ಮನೆಯಿಂದಲೇ ಡಬ್ಬಿ ಕಟ್ಟಿಕೊಂಡು ಹೊರಡುವುದು ಜಾಣತನ. ಎರಡು ಪ್ಲಗ್ಗು, ಒಂದು ಕಂಡೆನ್ಸರು, ಕ್ಲಚ್ ಕೇಬಲ್ಲು, ಟ್ಯೂಬು, ಚೈನಿನ ಕೊಂಡಿ. ಗುಂಪಿನಲ್ಲಿ ಹೋದರೆ ಇವನ್ನು ಹಂಚಿಕೊಂಡು ಹೊರುತ್ತಾರೆ. ಎಲ್ಲರಿಗಿಂತ ನಿಧಾನದ ಬೈಕು ಮುಂದೆ ಇರಬೇಕು, ಎಲ್ಲರಿಗಿಂತ ಚೆನ್ನಾಗಿ ರಿಪೇರಿ ಬಲ್ಲವನು ಹಿಂದೆ. ಮುರಿದು ನಿಂತವನು ಅವನ ಕಣ್ಣಿಗೆ ಬೀಳಲೇಬೇಕಲ್ಲ.

ಹೆದ್ದಾರಿಯ ವೇಗ ಈ ಬೈಕಿಗೆ ಒಗ್ಗದು. ಅರವತ್ತು, ಎಪ್ಪತ್ತರಲ್ಲಿ ಹಾಡಿಕೊಂಡು ಹೋಗುವ ಎಂಜಿನ್ನು ಅದಕ್ಕಿಂತ ಹೆಚ್ಚು ಹೊತ್ತು ಹಿಂಡಿದರೆ ಸೀಜ್ ಆಗುತ್ತದೆ. ಪಿಸ್ಟನ್ನು ಬಿಸಿಗೆ ಹಿಗ್ಗಿ ಸಿಲಿಂಡರನ್ನು ಕಚ್ಚಿಕೊಳ್ಳುತ್ತದೆ, ಹಿಂದಿನ ಚಕ್ರ ನಿಂತುಬಿಡುತ್ತದೆ. ಅದಕ್ಕೆ ಮುಂಚೆ ಅರೆಕ್ಷಣ ಸದ್ದು ಬಿಗಿಯುತ್ತದೆ. ಆ ಅರೆಕ್ಷಣದಲ್ಲಿ ಕ್ಲಚ್ಚು ಎಳೆಯಬೇಕು. ಹಳಬರ ಎಡಗೈಯ ಎರಡು ಬೆರಳು ಸದಾ ಕ್ಲಚ್ಚಿನ ಮೇಲೆ ಇರುವುದು ಇದಕ್ಕಾಗಿಯೇ. ಗುಜರಾತಿಗೆ ಇಳಿದ ಮೇಲೆ ಬಿಸಿಲೂ ಸೇರಿಕೊಳ್ಳುತ್ತದೆ. ಗಾಳಿಯಿಂದಲೇ ತಣಿಯಬೇಕಾದ ಎಂಜಿನ್ನಿಗೆ ವೇಗಕ್ಕಿಂತ ನಿಂತು ನಿಂತು ಹೋಗುವುದು ಕೆಟ್ಟದ್ದು. ಭರೂಚಿನ ಬಳಿ ನರ್ಮದೆಯ ಸೇತುವೆಗಳ ಮೇಲೆ ಲಾರಿಗಳ ಸಾಲು ಗಂಟೆಗಟ್ಟಲೆ ಕೂತಿರುತ್ತಿದ್ದ ಕಾಲದಲ್ಲಿ ಅದೊಂದು ಕುಲುಮೆ. 2017ರಲ್ಲಿ ಹಗ್ಗಸೇತುವೆ ಬಂದ ಮೇಲೆ ಸ್ವಲ್ಪ ಉಸಿರಾಡುವಂತಾಯಿತು. ವಡೋದರಾ ದಾಟಿದ ಮೇಲೆ ಅಹಮದಾಬಾದಿಗೆ ನೇರ ಎಕ್ಸ್‌ಪ್ರೆಸ್‌ವೇ ಇದೆ, ಆದರೆ ಅದಕ್ಕೆ ದ್ವಿಚಕ್ರ ವಾಹನಗಳನ್ನು ಬಿಡುವುದಿಲ್ಲ. ಬೈಕಿನವರು ಆಣಂದ್, ನಡಿಯಾದ್ ಮೇಲೆ ಹಳೆಯ ದಾರಿ ಹಿಡಿಯಬೇಕು. ಹಳೆಯ ಯೆಜ್ಡಿಗೆ ಇದು ಅನ್ಯಾಯವೇನೂ ಅಲ್ಲ, ದಾರಿಯುದ್ದಕ್ಕೂ ಚಹಾದಂಗಡಿಯೂ ಗ್ಯಾರೇಜೂ ಸಿಗುತ್ತವೆ.

ಆ ರಾಜ್ಯದಲ್ಲಿ ಹಳೆ ಬೈಕಿಗೆ ಬೇರೆಯದೇ ಒಂದು ಮರುಜನ್ಮವೂ ಇದೆ. ಸೌರಾಷ್ಟ್ರದಲ್ಲಿ ಎನ್‌ಫೀಲ್ಡ್ ಬುಲೆಟ್ಟಿನ ಮುಂಭಾಗವನ್ನು ಇಟ್ಟುಕೊಂಡು, ಡೀಸೆಲ್ ಎಂಜಿನ್ನು ಕೂರಿಸಿ, ಹಿಂದೆ ಎರಡು ಚಕ್ರದ ತೊಟ್ಟಿ ಬೆಸೆದು ಜನರನ್ನೂ ಹತ್ತಿಯನ್ನೂ ಸಾಗಿಸಿದರು. ಅದರ ಹೆಸರು 'ಛಕಡೋ', ಉತ್ತರ ಕರ್ನಾಟಕದ ಚಕ್ಕಡಿಯ ಬಳಗದ ಪದ. ಅಲ್ಲಿ ಬೈಕು ಉಳಿದದ್ದು ಬೈಕಾಗಿ ಉಳಿಯದೆ. ವಡೋದರಾದಲ್ಲಿ ಇದಕ್ಕೆ ತದ್ವಿರುದ್ಧ: 2023ರ ಜನವರಿಯಲ್ಲಿ ಲಕ್ಷ್ಮೀ ವಿಲಾಸ ಅರಮನೆಯ ಹುಲ್ಲುಹಾಸಿನ ಮೇಲೆ ನಡೆದ ಹಳೆಯ ವಾಹನಗಳ ಪ್ರದರ್ಶನದಲ್ಲಿ ಒಂದು ತಿರುಪೂ ಬದಲಾಗದಿರುವುದೇ ಹೆಗ್ಗಳಿಕೆ. ಮೈಸೂರಿನ ಬೈಕಿನವರು ಇವೆರಡರ ನಡುವೆ ಎಲ್ಲೋ ಇದ್ದಾರೆ.

ಹೆಸರಿನ ಕಥೆ ಮಾತ್ರ ಕೋರ್ಟಿಗೆ ಹೋಯಿತು. ಮಹೀಂದ್ರಾ ಪಾಲುದಾರಿಕೆಯ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ 2018ರ ನವೆಂಬರಿನಲ್ಲಿ ಜಾವಾವನ್ನೂ 2022ರ ಜನವರಿಯಲ್ಲಿ ಯೆಜ್ಡಿಯನ್ನೂ ಮತ್ತೆ ತಂದಿತು. ಅದರ ಹಿಂದೆ ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿ ಇದ್ದರು. ತಯಾರಾಗುವುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ನಾಲ್ಕು ಸ್ಟ್ರೋಕು, ನೀರಿನಿಂದ ತಣಿಯುವ ಎಂಜಿನ್ನು. ಕಿಕ್ಕರಿಲ್ಲ. ಹೊಸ ಜಾವಾದ ಒಂದು ಸಿಲಿಂಡರಿಗೆ ಎರಡು ಸೈಲೆನ್ಸರು ಮಾತ್ರ ಉಳಿಸಿಕೊಂಡಿದ್ದಾರೆ, ನೆನಪಿಗೆ. ಯೆಜ್ಡಿ ಎಂಬ ಹೆಸರು ಮುಚ್ಚಿದ ಕಂಪನಿಯ ಆಸ್ತಿಯೇ, ಹಾಗಿದ್ದರೆ ಅದರ ಬೆಲೆ ಸಾಲಗಾರರಿಗೂ ಕಾರ್ಮಿಕರಿಗೂ ಸೇರಬೇಕಲ್ಲವೇ ಎಂಬ ಪ್ರಶ್ನೆ ಕರ್ನಾಟಕ ಹೈಕೋರ್ಟಿನ ಮುಂದೆ ಬಂತು. 2022ರ ಡಿಸೆಂಬರಿನಲ್ಲಿ ಏಕಸದಸ್ಯ ಪೀಠ ಹೌದು, ಅದು ಕಂಪನಿಯ ಆಸ್ತಿ ಎಂದಿತು. ಅದರ ಮೇಲೆ ಮೇಲ್ಮನವಿಯೂ ನಡೆಯಿತು. ಯಾದವಗಿರಿಯ ಜಾಗ, ಯಂತ್ರಗಳು ಎಲ್ಲಕ್ಕೂ ಬೆಲೆ ಕಟ್ಟಿದ ಮೇಲೆ ಕಟ್ಟದೆ ಉಳಿದಿದ್ದ ವಸ್ತು ಒಂದು ಪದ. ಯಜಮಾನ ಯಾರು ಎಂದು ವಕೀಲರು ವಾದಿಸಿದ್ದು ಅದಕ್ಕಾಗಿ.

ಗ್ಯಾರೇಜುಗಳಲ್ಲಿ ಈಗ ಚರ್ಚೆಯಲ್ಲಿರುವುದು ಇನ್ನೊಂದು ಕಾಗದ. ಐವತ್ತು ವರ್ಷ ದಾಟಿದ ವಾಹನವನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು ಎಂಬ ನಿಯಮವನ್ನು ಕೇಂದ್ರ ಸರ್ಕಾರ 2021ರಲ್ಲಿ ತಂದಿದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಅವಧಿ, ಬೇರೆ ಬಗೆಯ ನಂಬರ್ ಪ್ಲೇಟು. ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲಿಗೆ, ರಿಪೇರಿಗೆ ಹೊರಗೆ ತೆಗೆಯಬಹುದು. ದಿನದ ಓಡಾಟಕ್ಕೆ ಅವಕಾಶವಿಲ್ಲ. ಮೊದಲ ರೋಡ್‌ಕಿಂಗ್‌ಗಳಿಗೆ 2028ರಲ್ಲಿ ಐವತ್ತು ತುಂಬುತ್ತದೆ. ಹಾಲು ತರಲು, ತೋಟಕ್ಕೆ ಹೋಗಲು, ಮಗಳನ್ನು ಕಾಲೇಜಿಗೆ ಬಿಡಲು ಅದನ್ನೇ ಹತ್ತುವವರು ಆ ಗೌರವ ಬೇಡ ಎನ್ನುತ್ತಿದ್ದಾರೆ. ಮಾಮೂಲಿ ಆರ್‌ಸಿಯನ್ನೇ ಐದೈದು ವರ್ಷಕ್ಕೊಮ್ಮೆ ನವೀಕರಿಸಲು ಅವರು ಬೈಕು ತೊಳೆದು, ಪ್ಲಗ್ಗು ಉಜ್ಜಿ, ಸೈಲೆನ್ಸರು ಸುಟ್ಟು, ಹೊಗೆ ಸ್ವಲ್ಪ ಕಡಿಮೆ ಬರಲೆಂದು ಆ ಒಂದು ದಿನಕ್ಕೆ ಎಣ್ಣೆಯನ್ನು ಕೈ ಹಿಡಿದು ಹಾಕಿ ಆರ್‌ಟಿಒ ಕಡೆ ಹೊರಡುತ್ತಾರೆ.